ಬೆನ್ನು ತಿರುಗಿಸುವ ವಿದ್ಯೆ

ಸಹೃದಯ ಓದುಗ ಮಹಾಶಯರ ಸನ್ನಿಧಿಗೆ ಬೀಗದ ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಈ ಬರಹದಲ್ಲಿ ಗುಪ್ತನಿಧಿಯಿಲ್ಲ, ಕತ್ತಿವರಸೆಯಿಲ್ಲ, ಕೊನೆಯಲ್ಲಿ ಮದುವೆಯೂ ಇಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಅಗ್ಗದ ಕಾದಂಬರಿಗಳೇ ನನಗೆ ಪಾಠಶಾಲೆ. ಆದರೆ ನಾಯಕನ ಮೊಣಕಾಲು ನಡುಗುವ ಪುಟವೊಂದನ್ನು ಅವುಗಳಲ್ಲಿ ನಾನು ಎಂದೂ ಕಂಡಿಲ್ಲ. ಆ ಪುಟವನ್ನು ನಾನೇ ಬರೆಯಲು ಕುಳಿತಿದ್ದೇನೆ. ಸಂಜೆಯಾಗುವುದರೊಳಗೆ ಮುಗಿಸಬೇಕು, ಕಾರಣ ಮುಂದೆ ತಿಳಿಯುತ್ತದೆ.

ಒಂದೆಡೆ ಕಾಲೂರುವುದು ನನ್ನ ಜಾಯಮಾನವಲ್ಲ. ಹೋಟೆಲಿನಲ್ಲಿ ಲೋಟ ತೊಳೆದಿದ್ದೇನೆ, ಲಾರಿಗೆ ಮೂಟೆ ಹೇರಿದ್ದೇನೆ, ಸಿನಿಮಾ ಮಂದಿರದ ಕತ್ತಲಲ್ಲಿ ಟಾರ್ಚು ಹಿಡಿದು ಜನರಿಗೆ ಕುರ್ಚಿ ತೋರಿಸಿದ್ದೇನೆ. ಇಂಥವನನ್ನು ಕಂಡರೆ ಜನ ಮೊದಲು ಅವನ ಚಪ್ಪಲಿಯನ್ನು ನೋಡುತ್ತಾರೆ, ಆಮೇಲೆ ತಮ್ಮ ಜೇಬನ್ನು ಮುಟ್ಟಿಕೊಳ್ಳುತ್ತಾರೆ. ಬೀಗದ ಅಂಗಡಿಯ ಯಜಮಾನರು ಮಾತ್ರ ಎರಡನ್ನೂ ಮಾಡಲಿಲ್ಲ. ಕೆಲಸ ಕಲಿಸುವವರಾದ್ದರಿಂದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ನಾನು ಕೆಲಸ ಕೇಳಿಕೊಂಡು ಹೋದ ದಿನ ಅವರ ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದ್ದರು:

"ರೀ, ಬೀಗ ಮುರಿಯೋ ಮುಖ ಇದು! ಇವನಿಗೆ ಬೀಗ ತೆಗೆಯೋದು ಕಲಿಸ್ತೀರಾ?"

"ಮುರಿಯೋಕೆ ಬಂದಿದ್ರೆ ನಮ್ಮ ಹತ್ರ ಯಾಕೆ ಬರ್ತಿದ್ದ ಕಣೇ, ಸುಮ್ನಿರು" ಎಂದರು ಮೇಷ್ಟ್ರು.

ಅಂಗಡಿಯ ಅಟ್ಟದ ಮೇಲೆ ನನಗೆ ಚಾಪೆ ದೊರೆಯಿತು. ಓದುವ ಚಟ ಕಂಡು ಮೇಷ್ಟ್ರ ಹೆಂಡತಿ, ಅಂದರೆ ಅಮ್ಮಾವ್ರು, ನನಗೆ 'ಕಾದಂಬರಿ' ಎಂದೇ ಹೆಸರಿಟ್ಟರು. ನನ್ನ ದಿನಚರಿ ಸರಳವಾಗಿತ್ತು. ಬೆಳಿಗ್ಗೆ ಎದ್ದು ಅರ ಉಜ್ಜಿ ಉದುರಿದ ಲೋಹದ ಪುಡಿ ಗುಡಿಸುವುದು, ಹಳೆಯ ಬೀಗಗಳಿಗೆ ಎಣ್ಣೆ ಬಿಡುವುದು, ಕಣ್ಣು ಮುಚ್ಚಿ ತಂತಿಯ ತುದಿಯಿಂದ ಬೀಗದ ಒಳಗನ್ನು ತಡವುವುದು. ತಿಂಡಿಯಾದ ಮೇಲೆ ಬಾಗಿಲಿನ ಪಾಠ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮ್ಮಾವ್ರು ಕುಳಿತಿರುತ್ತಿದ್ದರು. ನಾನು ಹೊರಗಿನಿಂದ ಬೀಗ ತೆಗೆದು, ಬಾಗಿಲನ್ನು ಒಂದು ಬೆರಳಿನಷ್ಟು ತಳ್ಳಿ, ತಕ್ಷಣ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲಬೇಕು. ಮೈಮರೆತು ಒಳಗೆ ಇಣುಕಿದರೆ ಒಂದು ಈರುಳ್ಳಿ ಹಾರಿ ಬಂದು ಹಣೆಗೆ ಬೀಳುತ್ತಿತ್ತು.

"ಕಣ್ಣಿಗೆ ತಾಗಬೇಕಿತ್ತು, ತಪ್ಪಿಹೋಯ್ತು" ಎಂದು ಅಮ್ಮಾವ್ರು ನಗುತ್ತಿದ್ದರು.

ಮೇಷ್ಟ್ರು ನಗುತ್ತಿರಲಿಲ್ಲ. "ನೋಡು ಕಾದಂಬರಿ, ಬೀಗ ತೆಗೆಯೋದು ಬೆರಳಿನ ಕೆಲಸ. ಬೆನ್ನು ತಿರುಗಿಸೋದು ಮನಸ್ಸಿನ ಕೆಲಸ. ಒಳಗೆ ಏನಿದೆ, ಯಾರಿದಾರೆ, ಅದು ನಮ್ಮದಲ್ಲ. ನೋಡಿದ್ರೆ ತಾನೇ ಆಸೆ? ನೋಡಿದ್ರೆ ತಾನೇ ನಾಳೆ ನಮ್ಮ ಮೇಲೆ ಅನುಮಾನ?" ಎನ್ನುತ್ತಿದ್ದರು.

ಈ ನಿಯಮವನ್ನು ನಾನು ಮಂತ್ರದಂತೆ ನೆಚ್ಚಿಕೊಂಡೆ. ಹೋದಲ್ಲೆಲ್ಲ ಕಳ್ಳನಂತೆ ಕಾಣಿಸಿಕೊಂಡವನಿಗೆ, ಕಳ್ಳನಲ್ಲವೆಂದು ಸಾರುವ ಒಂದು ಭಂಗಿ ಸಿಕ್ಕಿತಲ್ಲ! ಇನ್ನೊಂದು ನಿಯಮವೂ ಇತ್ತು: ಬೀಗಕ್ಕೆ ಕೈಹಾಕುವ ಮುನ್ನ ಮನೆ ಯಾರದೆಂದು ಅಕ್ಕಪಕ್ಕದವರನ್ನು ಕೇಳಬೇಕು. ಅದನ್ನು ನಾನು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಮೇಷ್ಟ್ರು ಸಂತೆಗೆ ಹೋಗಿದ್ದಾಗ ಒಬ್ಬರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ತೆಳುವಾದ ಚಿನ್ನದ ಬಣ್ಣದ ಕನ್ನಡಕ, ಮುಖ ಕಾಣುವಷ್ಟು ಹೊಳೆಯುವ ಬೂಟು. ಕೈಯಲ್ಲಿ ಹಣ್ಣಿನ ಚೀಲ. "ಮನೆಯವರು ತವರಿಗೆ ಹೋಗಿದಾರೆ, ನನ್ನ ಕೀಲಿಕೈ ಆಫೀಸಲ್ಲಿ ಉಳಿದುಬಿಡ್ತು. ಸ್ವಲ್ಪ ಬಂದು ತೆಗೆದುಕೊಡಪ್ಪ" ಎಂದರು. ದನಿಯಲ್ಲಿ ಅವಸರವಿರಲಿಲ್ಲ. ನನ್ನಂಥವನನ್ನು ಅವರು 'ಅಪ್ಪ' ಎಂದು ಕರೆದದ್ದಕ್ಕೇ ನಾನು ಕರಗಿ ನೀರಾದೆ.

ಮೂರನೆಯ ಮಹಡಿ. ಹೊರಗಿನಿಂದಲೂ ಒಳಗಿನಿಂದಲೂ ಒಂದೇ ಕೀಲಿಕೈಯಲ್ಲಿ ಹಾಕುವಂಥ ಬೀಗ ಅದು. ಮೆಟ್ಟಿಲ ಮೇಲೆ ಬಟ್ಟೆ ಒಣಗಿಸುತ್ತಿದ್ದ ಎದುರು ಮನೆಯ ಹೆಂಗಸು ಕನ್ನಡಕದವರನ್ನು ನೋಡಿ ಸೆರಗು ಸರಿಮಾಡಿಕೊಂಡರು. ಕೇಳಬೇಕಾದ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಆ ಬೂಟುಗಳನ್ನು ನೋಡಿದೆ, ನುಂಗಿಕೊಂಡೆ. ಇಂಥವರನ್ನು ಅನುಮಾನಿಸುವುದುಂಟೇ?

ತಂತಿ ಒಳಗೆ ಹೋಯಿತು. ಅರ್ಧದಲ್ಲಿ ಏನೋ ಅಡ್ಡ ಬಂತು. ಮೆಲ್ಲಗೆ ಒತ್ತಿದೆ. ಬಾಗಿಲಿನ ಆಚೆ ನೆಲದ ಮೇಲೆ ಲೋಹ ಬಿದ್ದ ಸದ್ದಾಯಿತು.

ಬಿದ್ದದ್ದು ಕೀಲಿಕೈ. ಒಳಗಿನಿಂದ ಬೀಗಕ್ಕೆ ಹಾಕಿಟ್ಟಿದ್ದ ಕೀಲಿಕೈ. ತವರಿಗೆ ಹೋದವರು ಒಳಗಿನಿಂದ ಬೀಗ ಹಾಕಿಕೊಂಡು ಹೋಗಲಾರರು.

"ಏನಾಯ್ತು?" ಎಂದರು ಅವರು, ನನ್ನ ಕಿವಿಯ ಹತ್ತಿರ.

"ಏನಿಲ್ಲ ಸಾರ್."

ಬೆರಳುಗಳಿಗೆ ಕಲಿಸಿದ್ದನ್ನು ಬೆರಳುಗಳು ಮಾಡಿದವು. ಬೀಗ ತಿರುಗಿತು. ಬಾಗಿಲನ್ನು ಬೆರಳಿನಷ್ಟು ತಳ್ಳಿದಾಗ ಒಳಗೆ ಕುರ್ಚಿಯ ಕಾಲು ನೆಲವನ್ನು ಕೆರೆಯಿತು. ಅಷ್ಟರಲ್ಲಿ ನಾನು ಬೆನ್ನು ತಿರುಗಿಸಿಬಿಟ್ಟಿದ್ದೆ. ಕಣ್ಣ ಮುಂದೆ ಸುಣ್ಣ ಬಳಿದ ಗೋಡೆ, ಗೋಡೆಯಲ್ಲಿ ಒಂದು ಬಿರುಕು. ಅವರು ನನ್ನನ್ನು ಸವರಿಕೊಂಡು ಒಳಗೆ ಹೋದರು.

"ಬಾಗಿಲು ಹಾಕ್ಕೊಂಡ್ರೆ ನಾನು ಬರಲ್ಲ ಅಂದ್ಕೊಂಡ್ಯಾ?" ಅದೇ ದನಿ, ಅದೇ ಸಮಾಧಾನ.

ಹೆಂಗಸೊಬ್ಬಳ ಉಸಿರು ಕೇಳಿಸಿತು. ಪಾತ್ರೆಯೊಂದು ಉರುಳಿತು. ಬಳಿಕ ಅವಳು ಮಾತಾಡಿದಳು, ಅವರೊಂದಿಗಲ್ಲ, ನನ್ನೊಂದಿಗೆ.

"ಅಣ್ಣಾ... ಬೀಗ ತೆಗೆದೋರು ಯಾರೋ ಗೊತ್ತಿಲ್ಲ. ಹೋಗಬೇಡಿ ಅಣ್ಣಾ."

"ನೀನು ಹೊರಡಪ್ಪ, ಆಯ್ತು" ಎಂದರು ಕನ್ನಡಕದವರು.

ಓದುಗರೇ, ನಾನು ಓದಿದ ನಾಯಕರೆಲ್ಲ ಇಂಥ ಗಳಿಗೆಯಲ್ಲಿ ಚಿರತೆಯಂತೆ ಹಾರುತ್ತಾರೆ. ನನ್ನ ಕಾಲುಗಳು ಬಾಳೆಯ ದಿಂಡಿನಂತೆ ನಿಂತಿದ್ದವು. ತಿರುಗಿದರೆ ವಿದ್ಯೆ ಹೋಯಿತು, ಚಾಪೆ ಹೋಯಿತು. ನಾಲ್ಕು ಜನ ಸೇರಿದರೆ ಯಾರ ಮಾತು ನಡೆಯುತ್ತದೆಂಬುದು ನನಗೆ ಗೊತ್ತಿತ್ತು. ಚಪ್ಪಲಿಗಿಂತ ಬೂಟಿಗೆ ನಾಲಿಗೆ ಉದ್ದ. ತಿರುಗದಿದ್ದರೆ, ನಾನು ತೆರೆದುಕೊಟ್ಟ ಬಾಗಿಲು ಅವಳ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಆ ಬಾಗಿಲು ಮುಚ್ಚಿಕೊಳ್ಳುವ ಕಿರ್ರೆಂಬ ಸದ್ದು ಆಗಲೇ ಶುರುವಾಗಿತ್ತು.

ನಾನು ತಿರುಗಿದೆ. ಹಾರಲಿಲ್ಲ, ಗರ್ಜಿಸಲಿಲ್ಲ. ಕೈಯಲ್ಲಿದ್ದ ಸಾಮಾನಿನ ಚೀಲವನ್ನು ಬಾಗಿಲ ಸಂದಿಗೆ ತುರುಕಿ, ಹೊಸ್ತಿಲ ಮೇಲೆ ಕುಸಿದು ಕುಳಿತೆ.

"ಬೀಗ ಕೆಟ್ಟಿದೆ ಸಾರ್" ಎಂದೆ. ದನಿ ಯಾರದೋ ಎಂಬಂತಿತ್ತು. "ಹಾಗೇ ಬಿಟ್ರೆ ಒಳಗೇ ಸಿಕ್ಕಿಹಾಕ್ಕೊಳ್ತೀರಿ. ಬಿಚ್ಚಬೇಕು."

"ಬೇಡ ಅಂದ್ನಲ್ಲ."

"ನಮ್ಮ ಮೇಷ್ಟ್ರು ಬೈತಾರೆ ಸಾರ್."

ಸ್ಕ್ರೂ ಬಿಚ್ಚತೊಡಗಿದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಮೊದಲ ಸ್ಕ್ರೂ ಜಾರಿ ಮೆಟ್ಟಿಲ ಮೇಲೆ ಟಣಟಣನೆ ಕುಣಿಯುತ್ತ ಕೆಳಗಿಳಿಯಿತು. ಎರಡನೆಯದು ತುಕ್ಕು ಹಿಡಿದಿತ್ತು. ಸುತ್ತಿಗೆ ತೆಗೆದು ಬಡಿದೆ. ಬಡಿಯಬೇಕಾದದ್ದಕ್ಕಿಂತ ಜೋರಾಗಿಯೇ ಬಡಿದೆ. ಎದುರು ಮನೆಯ ಹೆಂಗಸು ಹೊರಗೆ ಬಂದರು. ಕೆಳಗಿನಿಂದ ಒಬ್ಬ ಮುದುಕರು ಕೈಯಲ್ಲಿ ಪತ್ರಿಕೆ ಹಿಡಿದುಕೊಂಡೇ ಹತ್ತಿಬಂದರು.

"ಯಾರಪ್ಪ ನೀನು? ಹಾಡುಹಗಲೇ ಬೀಗ ಒಡೀತಿದೀಯಾ?"

"ಬಿಚ್ತಿದೀನಿ ಅಜ್ಜ. ರಿಪೇರಿ."

"ಮುಖ ನೋಡಿದ್ರೆ ಹಾಗನ್ನಿಸಲ್ಲ."

"ಎಲ್ಲರೂ ಹಾಗೇ ಅಂತಾರೆ ಅಜ್ಜ. ಇಲ್ಲೇ ನಿಂತು ನೋಡಿ, ಏನಾದ್ರೂ ಕದೀತೀನಾ ಅಂತ" ಎಂದೆ. ಮುದುಕರು ಸೊಂಟಕ್ಕೆ ಕೈಕೊಟ್ಟು ಅಲ್ಲೇ ನಿಂತುಬಿಟ್ಟರು. ನನ್ನ ಮೇಲಿನ ಅನುಮಾನದಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು.

ಬೀಗ ಕಿತ್ತು ಕೈಗೆ ಬಂತು. ಬಾಗಿಲಿನಲ್ಲಿ ಮುಷ್ಟಿಗಾತ್ರದ ತೂತು ಉಳಿಯಿತು. ಮೇಲಿನ ಚಿಲಕ ಮೊದಲೇ ಮುರಿದು ಒಂದು ಮೊಳೆಯಲ್ಲಿ ಜೋತಾಡುತ್ತಿತ್ತು. ಇನ್ನು ಆ ಬಾಗಿಲನ್ನು ಯಾರ ಮೇಲೂ ಹಾಕುವಂತಿರಲಿಲ್ಲ. ಹೊರಗೆ ಜನ ನೋಡುತ್ತಿದ್ದಾರೆಂದು ತಿಳಿದ ಕನ್ನಡಕದವರು ಅಂಗಿಯ ತೋಳು ನೀಟುಮಾಡಿಕೊಂಡು ಕುರ್ಚಿಯ ಮೇಲೆ ಕುಳಿತರು, ಮುಗುಳ್ನಕ್ಕರು. "ಏನಿಲ್ಲ, ಮನೆಯವರಿಗೆ ಸ್ವಲ್ಪ ಹುಷಾರಿಲ್ಲ" ಎಂದರು ಮುದುಕರಿಗೆ.

ಅವಳು ಕೋಣೆಯಿಂದ ಬಂದಳು. ಒಂದು ಕೈಚೀಲ, ಬರಿಗಾಲು. ಕೆನ್ನೆಯ ಒಂದು ಭಾಗವನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಎಲ್ಲರ ಎದುರಿಗೆ ಅವಳನ್ನು ತಡೆಯಲು ಅವರ ಮರ್ಯಾದೆ ಬಿಡಲಿಲ್ಲ. ಎದುರು ಮನೆಯ ಹೆಂಗಸು ತಮ್ಮ ಚಪ್ಪಲಿ ಬಿಚ್ಚಿ ಅವಳ ಮುಂದೆ ಸರಿಸಿದರು.

"ಬಸ್ ಸ್ಟ್ಯಾಂಡ್ ಯಾವ ಕಡೆ ಅಣ್ಣಾ?"

ನಾನು ಮುಂದೆ, ಅವಳು ಹಿಂದೆ ನಡೆದೆವು. ಪ್ರತಿಯೊಂದು ತಿರುವಿನಲ್ಲೂ ಬೂಟಿನ ಸದ್ದು ಕೇಳಿಸಿದಂತಾಗುತ್ತಿತ್ತು. ಹಾರ್ನ್ ಆದರೆ ಇಬ್ಬರೂ ಬೆಚ್ಚುತ್ತಿದ್ದೆವು. ನಿಲ್ದಾಣ ತಲುಪಿದಾಗ ಅವಳು ನಿಂತಳು.

"ಅವರು ನಿಮ್ಮನ್ನ ಬಿಡಲ್ಲ ಅಣ್ಣಾ. ನಾನು ಯಾವ ಬಸ್ಸು ಹತ್ತಿದೆ ಅಂತ ಕೇಳ್ತಾರೆ. ನಿಮಗೆ ಸುಳ್ಳು ಹೇಳೋಕೆ ಬರುತ್ತಾ?"

"ಇಲ್ಲಮ್ಮ. ಮುಖದಲ್ಲೇ ಗೊತ್ತಾಗಿಬಿಡುತ್ತೆ."

"ಹಾಗಾದ್ರೆ ನೋಡಬೇಡಿ."

ನಾನು ಬೆನ್ನು ತಿರುಗಿಸಿ ಹಣ್ಣಿನ ಅಂಗಡಿಯ ತಗಡನ್ನು ದಿಟ್ಟಿಸುತ್ತ ನಿಂತೆ. ಹಿಂದೆ ಕಂಡಕ್ಟರುಗಳ ಕೂಗು, ಇಂಜಿನ್ನುಗಳ ಗೊರಗೊರ. ಒಂದು ಬಸ್ಸು ಹೊರಟಿತು, ಇನ್ನೊಂದು ಹೊರಟಿತು. ಜೀವನದಲ್ಲಿ ಇಷ್ಟು ಆಸೆಯಿಂದ ಹಿಂತಿರುಗಿ ನೋಡಬೇಕೆನಿಸಿದ್ದಿಲ್ಲ. ಹಣೆಗೆ ಈರುಳ್ಳಿ ಬೀಳುವುದನ್ನು ನೆನೆದುಕೊಂಡು ಕುತ್ತಿಗೆಯನ್ನು ಬಿಗಿಹಿಡಿದೆ. ನಾನು ತಿರುಗುವ ಹೊತ್ತಿಗೆ ಅವಳು ನಿಂತಿದ್ದ ಜಾಗದಲ್ಲಿ ಯಾರೋ ಮೂಟೆ ಇಳಿಸುತ್ತಿದ್ದರು.

ಅಂಗಡಿಗೆ ಬಂದರೆ ಮೇಷ್ಟ್ರು ಸಂತೆಯಿಂದ ಮರಳಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಕನ್ನಡಕದವರು ಆಗಲೇ ಬಂದು ಹೋಗಿದ್ದರು.

"ಸಂಜೆ ಮತ್ತೆ ಬರ್ತಾರಂತೆ. ಜನ ಕರ್ಕೊಂಡು ಬರ್ತಾರಂತೆ. ನೀನು ಮನೆ ಮುರಿದೆ ಅಂತ ಹೇಳೋರಿದಾರೆ." ಅವರು ನನ್ನ ಕೈಯಲ್ಲಿದ್ದ ಬೀಗವನ್ನು ನೋಡಿದರು. "ನಿಜ ಹೇಳು. ಬೆನ್ನು ತಿರುಗಿಸಿದ್ಯಾ?"

"ತಿರುಗಿಸಿದೆ ಮೇಷ್ಟ್ರೇ. ಆಮೇಲೆ ವಾಪಸ್ ತಿರುಗಿದೆ."

"ಪಕ್ಕದವರನ್ನ ಕೇಳಿದ್ಯಾ?"

ನಾನು ತಲೆ ತಗ್ಗಿಸಿದೆ. ಬೂಟುಗಳ ವಿಷಯವನ್ನು ಹೇಳಲು ಬಾಯಿ ಬರಲಿಲ್ಲ.

"ಆಯಮ್ಮ ಎಲ್ಲಿಗೆ ಹೋದ್ರು?"

"ಗೊತ್ತಿಲ್ಲ. ನೋಡಲಿಲ್ಲ."

ಮೇಷ್ಟ್ರು ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದರು. "ಇದೊಂದು ನಿಜ ಹೇಳ್ತಿದಾನೆ ಕಣೇ" ಎಂದು ಒಳಗಡೆ ತಿರುಗಿ ಹೇಳಿದರು. ಆಮೇಲೆ ದನಿ ತಗ್ಗಿಸಿ, "ನನಗೆ ಅಂಗಡಿ ಇದೆಯಪ್ಪಾ. ನನಗೂ ಭಯ ಆಗುತ್ತೆ" ಎಂದರು. ಅದನ್ನು ನಾನು ತಪ್ಪೆನ್ನಲಾರೆ.

ಅಮ್ಮಾವ್ರು ಬುತ್ತಿ ಕಟ್ಟಿ ತಂದು ಕೊಟ್ಟರು. "ನಿನ್ನ ಮುಖ ನೋಡಿ ಮೊದಲ ದಿನ ಏನೋ ಅಂದಿದ್ದೆ. ಮನಸ್ಸಿಗೆ ಹಚ್ಕೋಬೇಡ. ಈರುಳ್ಳೀನೂ ಇಟ್ಟಿದೀನಿ, ಎಸೀಬೇಡ, ತಿನ್ನು" ಎಂದು ಹೇಳಿ ಒಳಗೆ ಹೋದರು.

ಇದನ್ನೆಲ್ಲ ಅಟ್ಟದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿದೆ. ಬೀದಿಯಲ್ಲಿ ಬೂಟಿನ ಸದ್ದಾದಾಗಲೆಲ್ಲ ಪೆನ್ನು ನಿಂತುಬಿಡುತ್ತದೆ. ಅವಳು ಎಲ್ಲಿ ಇಳಿದಳೋ, ಅವಳಿಗಾಗಿ ಅಲ್ಲಿ ಯಾರು ಬಾಗಿಲು ತೆರೆದರೋ, ಆ ಬಾಗಿಲಿಗೆ ಒಳ್ಳೆಯ ಚಿಲಕವಿದೆಯೋ ಇಲ್ಲವೋ.

ಎರಡು ಅಂಗಿ, ಒಂದು ಟವೆಲು, ಹರಿದ ಕಾದಂಬರಿಗಳು ಚೀಲ ಸೇರಿದವು. ತಂತಿಯನ್ನೂ ಅರವನ್ನೂ ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೆ. ಅವರು ಅವನ್ನು ನನ್ನ ಚೀಲಕ್ಕೇ ಹಾಕಿದರು. ಹಿಂಬಾಗಿಲಿನಿಂದ ಹೋಗು ಎಂದು ಕಣ್ಣಲ್ಲೇ ತೋರಿಸಿದರು.

ಚಪ್ಪಲಿ ಮೆಟ್ಟಿಕೊಂಡಿದ್ದೇನೆ. ಮುಂಬಾಗಿಲಲ್ಲಿ ಯಾರೋ ಬಂದು ನಿಂತಂತಿದೆ. ನಾನು ಹೊರಟೆ.