ಒಳಗಿನ ರೂಮು

ದನದ ವ್ಯಾಪಾರದಲ್ಲಿ ಐವತ್ತು ವರ್ಷ ಕಳೆದವನು ನಾನು. ಮೊದಲು ಹೇಳಿದ ಬೆಲೆಗೆ ಒಂದು ಮೂಗುದಾರವನ್ನೂ ಕೊಂಡವನಲ್ಲ. ದೊಡ್ಡಬಳ್ಳಾಪುರದ ಸುತ್ತಮುತ್ತ ಯಾವ ಸಂತೆಗೆ ಹೋಗಿ ದಲ್ಲಾಳಿ ಗೋಪಾಲಪ್ಪ ಅಂದರೂ ಕೆಲವರು ಕೈ ಮುಗಿಯುತ್ತಾರೆ, ಕೆಲವರು ಬೈಯುತ್ತಾರೆ. ಎರಡನ್ನೂ ನಾನು ಮರ್ಯಾದೆ ಅಂತಲೇ ತಿಳಿದುಕೊಂಡಿದ್ದೇನೆ. ಅಂಥ ನನ್ನನ್ನು ಮೊನ್ನೆ ಒಂದು ಮೊಬೈಲ್ ಫೋನು ಹದಿನೈದು ದಿನ ಕುಣಿಸಿತು.

ಶುರುವಾಗಿದ್ದು ನನ್ನ ಹೆಂಡತಿ ಮುನಿಲಕ್ಷ್ಮಮ್ಮನಿಂದ. ಮದುವೆಯಾದ ನಲವತ್ತೈದು ವರ್ಷದಲ್ಲಿ ಅವಳು ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಒಂದು ಸಂಜೆ ಟಿವಿಯಲ್ಲಿ ಹಡಗು ತೋರಿಸುತ್ತಿದ್ದರು. ಅವಳು ಹುರುಳಿಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ನಾನೂ ಒಂದ್ಸಲ ಸಮುದ್ರ ನೋಡ್ಬೇಕು. ನಿಂತ್ಕೊಂಡಲ್ಲ. ಕೂತ್ಕೊಂಡು, ಸಾಕು ಅನ್ನೋವರ್ಗೂ ನೋಡ್ಬೇಕು," ಎಂದಳು. ಮತ್ತೆ ಕಾಯಿ ಬಿಡಿಸತೊಡಗಿದಳು.

ಅವಳ ಮಂಡಿ ಎರಡೂ ಸವೆದಿವೆ. ಹತ್ತು ಹೆಜ್ಜೆ ನಡೆದರೆ ಎಲ್ಲಾದರೂ ಕೂರಬೇಕು. ಮರಳಲ್ಲಿ ನಡೆಸುವ ಹಾಗಿಲ್ಲ, ಮೆಟ್ಟಿಲು ಹತ್ತಿಸುವ ಹಾಗಿಲ್ಲ. ಆಗ ಬಿ.ಕಾಂ. ಓದುತ್ತಿರುವ ಮೊಮ್ಮಗಳು ಅರ್ಪಿತ ಫೋನು ಹಿಡಿದುಕೊಂಡು ಬಂದಳು.

"ತಾತ, ಕ್ರೂಸ್‌ಗೆ ಹೋಗೋಣ. ಚೆನ್ನೈಲಿ ಹತ್ತಿದ್ರೆ ಮೂರು ರಾತ್ರಿ ಸಮುದ್ರದ ಮೇಲೇನೇ. ಊಟ ಎಲ್ಲಾ ಅದ್ರಲ್ಲೇ ಬರುತ್ತೆ. ಅಜ್ಜಿ ನಡೆಯೋದೇ ಬೇಡ, ಸಮುದ್ರನೇ ಜೊತೇಲಿ ಇರುತ್ತೆ."

ಮಗ ಸುನಿಲ್‌ಕುಮಾರ್ ತನ್ನದು, ಹೆಂಡತಿಯದು, ಮಗಳದು ಸೇರಿ ಒಂದು ರೂಮು ತಾನೇ ಮಾಡಿಸುತ್ತೇನೆ ಎಂದ. ನಮ್ಮಿಬ್ಬರ ರೂಮು ನನ್ನ ಲೆಕ್ಕಕ್ಕೆ ಬಂತು. ನನ್ನ ಲೆಕ್ಕ ಅಂದ ಮೇಲೆ ಬೆಲೆ ಇಳಿಸುವುದು ನನ್ನ ಕೆಲಸ. ನಾನು ಚಾಪೆ ಹಾಸಿಕೊಂಡು ಕೂತೆ.

ಸೋಮವಾರ ಇಬ್ಬರಿಗೆ ಐವತ್ತೆಂಟು ಸಾವಿರ ತೋರಿಸಿತು. ಮಂಗಳವಾರ ಅರವತ್ತೊಂದು. ಅದೇ ಹಡಗು, ಅದೇ ದಿನ, ಅದೇ ಮಂಚ.

"ಯಾರೇ ಏರ್ಸಿದ್ದು?" ಎಂದೆ.

"ಯಾರೂ ಏರ್ಸಲ್ಲ ತಾತ. ಕಂಪ್ಯೂಟರೇ ಏರ್ಸುತ್ತೆ, ಕಂಪ್ಯೂಟರೇ ಇಳ್ಸುತ್ತೆ. ಜಾಸ್ತಿ ಜನ ತಗೊಂಡ್ರೆ ರೇಟು ಜಾಸ್ತಿ ಆಗುತ್ತೆ."

ನನಗೆ ರೋಮಾಂಚನವಾಯಿತು, ಸುಳ್ಳು ಯಾಕೆ ಹೇಳಲಿ. ಇವನು ಎಂಥ ದಲ್ಲಾಳಿ! ಟೀ ಕುಡಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ, ಒಂದೇ ಹೊತ್ತಿಗೆ ಲಕ್ಷ ಜನರ ಜೊತೆ ವ್ಯಾಪಾರಕ್ಕೆ ಕೂರುತ್ತಾನೆ, ಯಾರ ಮುಲಾಜಿಗೂ ಬೀಳುವುದಿಲ್ಲ. ಜೊತೆಗೆ ಮೈಯೆಲ್ಲ ಉರಿಯಿತು. ಇವನನ್ನು ಬಗ್ಗಿಸದೆ ಬಿಟ್ಟರೆ ನಾನು ಗೋಪಾಲಪ್ಪನೇ ಅಲ್ಲ ಎಂದುಕೊಂಡೆ.

"ಮೂರು ದಿನ ಆ ಕಡೆ ತಲೆ ಹಾಕ್ಬೇಡ," ಎಂದು ಅರ್ಪಿತನಿಗೆ ಹೇಳಿದೆ. "ನಮ್ಗೆ ಬೇಕಾಗಿಲ್ಲ ಅನ್ನೋ ಥರ ಇರು. ತಾನಾಗೇ ದಾರಿಗೆ ಬರ್ತಾನೆ."

ಅವಳು ನಕ್ಕಳು. ಆದರೆ ನಾಲ್ಕನೇ ದಿನ ನೋಡಿದರೆ ಐವತ್ತೇಳಕ್ಕೆ ಇಳಿದಿತ್ತು! ಇನ್ನೂ ಒಂದು ವಾರ ಹುಡುಕಿಸಿದೆ. ಶುಕ್ರವಾರ ಬಿಟ್ಟು ಸೋಮವಾರ ಹೊರಡುವ ಹಡಗಾದರೆ ಐವತ್ತೆರಡೇ ಎಂದು ಗೊತ್ತಾಯಿತು. ಕೆಳಗೆ ಇನ್ನೊಂದು ಸಾಲಿತ್ತು, ಎಂಬತ್ತನಾಲ್ಕು ಸಾವಿರ.

"ಅದೇನದು?"

"ಅದು ಬಾಲ್ಕನಿ ರೂಮು ತಾತ, ಹೊರಗಡೇದು. ಐವತ್ತೆರಡರದ್ದು ಒಳಗಿನ ರೂಮು. ಆದ್ರೆ..."

"ಒಳಗಿನ ರೂಮು ಅಗ್ಗಾನಾ? ಹೊರಗಿನದು ಜಾಸ್ತೀನಾ?"

ನಾನು ತೊಡೆ ತಟ್ಟಿಕೊಂಡು ನಕ್ಕೆ. ನಮ್ಮ ಮನೆಗಳಲ್ಲಿ ಒಳಕೋಣೆ ಅಂದರೆ ಏನು? ರಾಗಿ ಕಣಜ ಇರುವುದು ಅಲ್ಲಿ, ಒಡವೆ ಪೆಟ್ಟಿಗೆ ಅಲ್ಲಿ, ಬಾಣಂತಿ ಮಲಗುವುದು ಅಲ್ಲಿ. ಹೊರಗಡೆ ಜಗಲಿಯಲ್ಲಿ ಮಲಗುವವರು ದಾರಿಹೋಕರು. ಹಡಗಿನವರು ಒಳಕೋಣೆಯನ್ನು ಅಗ್ಗಕ್ಕೆ ಕೊಟ್ಟು ಜಗಲಿಗೆ ಎಂಬತ್ತನಾಲ್ಕು ಸಾವಿರ ಕೇಳುತ್ತಿದ್ದಾರೆ! ಅರ್ಪಿತ ಏನೋ ಹೇಳಲು ಬಂದಳು, ನೀನು ಸುಮ್ಮನಿರು ಎಂದೆ. ಅವತ್ತು ಊರೆಲ್ಲ ಸುತ್ತಿ ಕಂಪ್ಯೂಟರಿಗೆ ಮಣ್ಣು ಮುಕ್ಕಿಸಿದೆ ಎಂದು ಹೇಳಿಕೊಂಡು ಬಂದೆ.

ಮಾರನೇ ದಿನ ನಾನೂ ಮುನಿಲಕ್ಷ್ಮಮ್ಮನೂ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಫೋನಿನಲ್ಲಿ ದುಡ್ಡು ಕಟ್ಟುವುದು ನನಗೆ ಆಗದ ಮಾತು. ಮಗ್ಗದ ಬೀದಿಯಲ್ಲಿ ದೇವೇಂದ್ರ ಎಂಬ ಹುಡುಗ ಟಿಕೆಟ್ ಬುಕ್ ಮಾಡುವ ಅಂಗಡಿ ಇಟ್ಟಿದ್ದಾನೆ. ಗೋಡೆಯಾಚೆ ಪವರ್‌ಲೂಮ್‌ಗಳು ಲಟಪಟ ಹೊಡೆದುಕೊಳ್ಳುತ್ತಿದ್ದವು. ಅವನು ಕಂಪ್ಯೂಟರ್ ನೋಡಿ, "ಐವತ್ತೆರಡೇ ಯಜಮಾನ್ರೇ, ಟ್ಯಾಕ್ಸ್ ಎಲ್ಲಾ ಸೇರಿ. ಒಳ್ಳೇ ರೇಟು ಹಿಡ್ದಿದೀರ," ಎಂದ.

ಇನ್ನೊಂದೆರಡು ಸಾವಿರ ಬಿಡಿಸೋಣ ಎನ್ನಿಸಿತು. ಹೆಗಲ ಮೇಲಿದ್ದ ಟವೆಲನ್ನು ಅವನ ಕೈ ಮೇಲೆ ಹಾಸಿ, ಕೆಳಗೆ ಬೆರಳು ಹಿಡಿದೆ. ಅವನು ಬೆಚ್ಚಿಬಿದ್ದ.

"ಏನ್ ಯಜಮಾನ್ರೇ, ಕೈ ಯಾಕ್ ಹಿಡ್ಕೊಂಡ್ರಿ?"

ಪಾಪ, ಅವನಿಗೇನು ಗೊತ್ತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಸಾವಿರವೋ ಹತ್ತು ಸಾವಿರವೋ ಎನ್ನುವುದು ಮಾಲು ನೋಡಿದರೇ ತಿಳಿಯುತ್ತದೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ನಾನು ನಾಚಿಕೊಂಡು ಟವೆಲನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡೆ.

"ಬುಕ್ ಮಾಡೋಕ್ ಮುಂಚೆ ರೂಮ್ ನೋಡ್ಬಿಡಿ," ಎಂದು ದೇವೇಂದ್ರ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ.

ಎರಡು ಮಂಚ, ದೀಪ, ಕನ್ನಡಿ. ನಾಲ್ಕು ಕಡೆಗೂ ಗೋಡೆ.

"ಸಮುದ್ರ ಎಲ್ಲಿ ಕಾಣ್ಸುತ್ತಪ್ಪ?" ಎಂದಳು ಮುನಿಲಕ್ಷ್ಮಮ್ಮ.

"ಇದ್ರಲ್ಲಿ ಕಿಟಕಿ ಇರಲ್ಲಮ್ಮ, ಹಡಗಿನ ನಡುಮಧ್ಯೆ ಬರುತ್ತೆ. ಸಮುದ್ರ ನೋಡೋಕೆ ಮೇಲಕ್ಕೆ ಹೋಗ್ಬೇಕು. ಲಿಫ್ಟ್ ಇದೆ. ಲಿಫ್ಟಿಂದ ಸ್ವಲ್ಪ ನಡೀಬೇಕು."

ಅವಳು ತನ್ನ ಮಂಡಿ ನೋಡಿಕೊಂಡಳು. ತಪ್ಪು ಮಾಡಿದೆ ಎಂದು ನನಗೆ ಹೊಳೆಯಿತು. ಆದರೆ ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಬಾಯಿ ಸುಮ್ಮನಿರಲಿಲ್ಲ. "ಮಲಗೋಕೆ ಕಿಟಕಿ ಯಾಕೆ? ಹಗಲೊತ್ತು ನಾನು ನಿಧಾನಕ್ಕೆ ಕರ್ಕೊಂಡೋಗ್ತೀನಿ ಕಣೇ," ಎಂದೆ.

ಅವಳ ಕೈ ನನ್ನ ತೊಡೆಯ ಮೇಲಿದ್ದ ಟವೆಲ್ ಕೆಳಗೆ ಬಂತು. ನನ್ನ ಮೂರು ಬೆರಳನ್ನು ಸೇರಿಸಿ ಹಿಡಿದು ಬಿಟ್ಟಳು. ಆಮೇಲೆ ಎರಡನ್ನು ಹಿಡಿದಳು.

ಮೂವತ್ತೆರಡು. ಒಳಗಿನ ರೂಮಿಗೂ ಬಾಲ್ಕನಿ ರೂಮಿಗೂ ಇದ್ದ ವ್ಯತ್ಯಾಸ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೆಂಗಸರು ದನದ ಸಂತೆಗೆ ಬರುವುದಿಲ್ಲ. ಈ ಬೆರಳ ಮಾತನ್ನು ನಾನು ಮಗನಿಗೂ ಕಲಿಸಿಲ್ಲ. ಇವಳು ಎಲ್ಲಿ ಕಲಿತಳು? ಕೈ ಅಭ್ಯಾಸ ಬಲದಿಂದ ತಾನಾಗಿ ಚೌಕಾಸಿಗೆ ಇಳಿಯಿತು. ಒಂದು ಹಿಡಿದೆ, ನಾಲ್ಕು ಹಿಡಿದೆ. ಕಂಪ್ಯೂಟರಿನಲ್ಲಿ ನಡುವೆ ಇನ್ನೊಂದು ಸಾಲಿತ್ತು, ಹದಿನಾಲ್ಕು ಸಾವಿರ ಹೆಚ್ಚು ಕೊಟ್ಟರೆ ಬಾಲ್ಕನಿ ಇಲ್ಲದ, ಬರೀ ಸಣ್ಣ ಕಿಟಕಿಯ ರೂಮು ಸಿಗುತ್ತಿತ್ತು. ಅವಳು ಮತ್ತೆ ಮೂರು ಹಿಡಿದಳು, ಎರಡು ಹಿಡಿದಳು, ಬಿಗಿಯಾಗಿ. ಮುದುಕ ಮುದುಕಿ ಕೈ ಕೈ ಹಿಡಿದು ಕೂತಿದ್ದು ಕಂಡು ದೇವೇಂದ್ರ ನಾಚಿಕೊಂಡು ಆ ಕಡೆ ತಿರುಗಿದ.

ನಾನು ಕೈ ಸಡಿಲ ಬಿಟ್ಟೆ. ಅವಳು ತನ್ನ ಚೀಲದಿಂದ ಹಾಲಿನ ಡೈರಿ ದುಡ್ಡು ಬೀಳುವ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. "ಬಾಲ್ಕನೀದೇ ಹಾಕಪ್ಪ. ಜಾಸ್ತಿ ಆಗಿದ್ದು ನಂದು."

ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಧ ದಾರಿಗೆ ಬಂದ ಮೇಲೆ ಕೇಳಿದೆ, "ಎಲ್ಲಿ ಕಲ್ತೆ?"

"ನೀವೇ ಕಲ್ಸಿದ್ದು. ಸಂತೆ ಮುಗಿಸ್ಕೊಂಡು ಬಂದು ಮಲಗಿದ ದಿನ ನಿದ್ದೇಲಿ ನನ್ನ ಕೈ ಹಿಡ್ಕೊಂಡು ವ್ಯಾಪಾರ ಮಾಡ್ತಿದ್ರಿ. ಬಾಯಲ್ಲಿ ಗೊಣಗ್ತಾ ಕೈಯಲ್ಲಿ ಹಿಡೀತಿದ್ರಿ. ಮದ್ವೆ ಆದ ವರ್ಷವೇ ಕಲ್ತ್ಬಿಟ್ಟೆ."

"ಹಾಗಾದ್ರೆ ಎಲ್ಲಾ ವ್ಯಾಪಾರಾನೂ..."

"ಎಲ್ಲಾ ಗೊತ್ತು. ಸೂಲಿಬೆಲೆ ಆವಲಪ್ಪಂಗೆ ಜೋಡಿ ಎತ್ತು ಕೊಡ್ಸಿದ್ರಲ್ಲ, ನಿಮ್ಗೆ ಐದು ಸಾವಿರ ಸಿಕ್ತು. ನನ್ ಹತ್ರ ಎರಡು ಅಂದ್ರಿ."

ಕಿಟಕಿಯ ಆಚೆ ದ್ರಾಕ್ಷಿ ಚಪ್ಪರಗಳು ಹಿಂದೆ ಹೋಗುತ್ತಿದ್ದವು. ಇಡೀ ಜಿಲ್ಲೆಯ ದಲ್ಲಾಳಿಗಳ ಕಣ್ಣು ತಪ್ಪಿಸಿದ ನನ್ನ ಒಂದೊಂದು ಗುಟ್ಟೂ ಈ ಹೆಂಗಸಿನ ಅಂಗೈಯಲ್ಲಿತ್ತು, ನಲವತ್ತೈದು ವರ್ಷ. ಭಯವೂ ಆಯಿತು, ಇವಳ ಕಾಲು ಮುಟ್ಟಬೇಕು ಎಂದೂ ಅನ್ನಿಸಿತು.

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಕೊಡ್ತಿದ್ರಾ?" ಎಂದು ಅವಳು ಟಿಕೆಟ್ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಹಡಗು ಅಂದರೆ ದೊಡ್ಡ ದೋಣಿ ಇರಬೇಕು ಎಂದುಕೊಂಡಿದ್ದವನು ಹೊರಡುವ ಸೋಮವಾರ ಚೆನ್ನೈ ಬಂದರಿನಲ್ಲಿ ಕತ್ತೆತ್ತಿ ನೋಡಿ ಹಾಗೇ ನಿಂತುಬಿಟ್ಟೆ. ಊರಿನ ಮನೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೂ ಅಷ್ಟು ಎತ್ತರ ಬರುವುದಿಲ್ಲ. ಹಡಗಿನವರು ಮುನಿಲಕ್ಷ್ಮಮ್ಮನನ್ನು ಗಾಲಿ ಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಮಗನ ಮನೆಯವರು ತಮ್ಮ ರೂಮಿಗೆ ಹೋದರು. ಪ್ರಯಾಣದ ದಣಿವಿಗೆ ಅವಳು ಅಂದು ಬೇಗ ಮಲಗಿಬಿಟ್ಟಳು.

ಬೆಳಗಿನ ಜಾವ ನನಗೆ ಎಚ್ಚರವಾದಾಗ ಅವಳು ಮಂಚದ ಮೇಲೆ ಕಾಲು ಚಾಚಿ, ದಿಂಬಿಗೆ ಒರಗಿ ಕೂತಿದ್ದಳು. ಪರದೆ ಸರಿದಿತ್ತು. ಗಾಜಿನ ಬಾಗಿಲಿನಾಚೆ ನೀರು. ನೀರು ಬಿಟ್ಟರೆ ಬೇರೆ ಏನೂ ಇಲ್ಲ. ಒಂದು ಮರವಿಲ್ಲ, ಗುಡ್ಡವಿಲ್ಲ, ದಡವಿಲ್ಲ. ಕಪ್ಪಗಿದ್ದದ್ದು ನೋಡುನೋಡುತ್ತಲೇ ಬೂದಿಯ ಬಣ್ಣಕ್ಕೆ ತಿರುಗಿತು, ಬೂದಿ ಹೋಗಿ ತಾಮ್ರದ ಬಣ್ಣ ಬಂತು. ಆಮೇಲೆ ನೀರಿನೊಳಗಿಂದ ಸೂರ್ಯ ಎದ್ದ. ನನ್ನ ಕಣ್ಣು ತುಂಬಿಬಂತು. ಗೋಡೆ ನೋಡಿಕೊಂಡು ಮಲಗಿರಬೇಕಾಗಿತ್ತಲ್ಲ ನಾವು, ನನ್ನ ಜಂಭಕ್ಕೆ.

"ಆ ಕಡೆ ದಡ ಇಲ್ವಾ?" ಎಂದಳು ಅವಳು, ಕಣ್ಣು ತೆಗೆಯದೆ.

"ಇದೆಯಂತೆ. ಕಾಣಲ್ಲ."

ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು, "ಇಷ್ಟು ದೊಡ್ಡದನ್ನ ಇಷ್ಟು ವರ್ಷ ಕೇಳ್ದೇ ಬಿಟ್ಟಿದ್ನಲ್ಲ. ಇನ್ನೂ ಏನೇನು ಕೇಳ್ದೇ ಬಿಟ್ಟಿದೀನೋ."

"ಈಗ ಕೇಳು," ಎಂದೆ.

ಅವಳು ನನ್ನ ಮುಖ ನೋಡಿದಳು. ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡು ಶುರು ಮಾಡಿದಳು. ಬಿಸಿಲು ಮಂಚದ ಮೇಲೆ ಬೀಳುವವರೆಗೂ ಒಂದಾದ ಮೇಲೊಂದು ಕೇಳುತ್ತಲೇ ಇದ್ದಳು. ನಾನು ಒಂದಕ್ಕೂ ಚೌಕಾಸಿ ಮಾಡಲಿಲ್ಲ.