ಛತ್ರದ ಮುಂದಿನ ತಿರುವು

ಚಂದಾಪುರ ದಾಟಿ ಎಡಕ್ಕೆ ಹೊರಳಿದರೆ ಸಿಗುವ ಹಾಲಗೊಂಡನಪುರಕ್ಕೆ ಆ ವರ್ಷ ಮಾರ್ಕೆಟ್ ರಸ್ತೆ ಸರಿಪಡಿಸಲು ಸರ್ಕಾರದ ಅನುದಾನ ಬಂತು. ಚರಂಡಿ, ಫುಟ್‌ಪಾತ್, ಬೀದಿದೀಪ. ಮಾರ್ಚ್ ಒಳಗೆ ಕೆಲಸ ಶುರುವಾಗದಿದ್ದರೆ ಅನುದಾನ ವಾಪಸ್. ಪುರಸಭೆಯ ಅಧ್ಯಕ್ಷೆ ಅನುಸೂಯಮ್ಮ ಇಂಜಿನಿಯರ್ ಮಲ್ಲಿಕ್‌ನನ್ನು ಕರೆಸಿದಳು.

"ರಸ್ತೆ ನೇರ ಹೋಗ್ಬೇಕು. ಎಲ್ಲೂ ಬಗ್ಗಬಾರ್ದು."

"ಹಾಗಾದ್ರೆ ನರಸಿಂಹಯ್ಯನೋರ ಛತ್ರದ ಮುಂಭಾಗ ಹೋಗತ್ತೆ ಮೇಡಂ."

"ಹೋಗ್ಲಿ."

ಹಿಂದೆ ನರಸಿಂಹಯ್ಯನೇ ಅಧ್ಯಕ್ಷನಾಗಿದ್ದಾಗ ಆ ರಸ್ತೆಯನ್ನು ಅಗಲ ಮಾಡಿಸಿದ್ದ. ಎರಡೂ ಕಡೆ ಸಮನಾಗಿ ಒಡೆಯುತ್ತ ಬಂದ ಗೆರೆ ಅವನ ಮದುವೆ ಛತ್ರದ ಹತ್ತಿರ ಎದುರು ಸಾಲಿಗೆ ವಾಲಿ, ಅನುಸೂಯಮ್ಮನ ಮನೆಯ ಹಿಟ್ಟಿನ ಗಿರಣಿಯನ್ನು ಪೂರಾ ನುಂಗಿತ್ತು. ಅವಳ ಗಂಡ ನಲ್ಲಪ್ಪ ಜನರ ಎದುರೇ ನರಸಿಂಹಯ್ಯನ ಕಾಲು ಹಿಡಿದಿದ್ದ. "ಊರಿಗೋಸ್ಕರ ಯಾರಾದ್ರೂ ಬಿಟ್ಕೊಡ್ಬೇಕಲ್ಲಪ್ಪ" ಎಂದು ಆತ ಕಾಲು ಬಿಡಿಸಿಕೊಂಡು ಹೋಗಿದ್ದ. ಗಿರಣಿಯ ಯಜಮಾನನಾಗಿದ್ದ ನಲ್ಲಪ್ಪ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತು ಕಾರುಗಳಿಗೆ ಸಲಾಮು ಹೊಡೆಯುವಂತಾದ. ಅನುಸೂಯಮ್ಮ ಪಿಜಿಗಳಿಗೆ ಚಪಾತಿ ಲಟ್ಟಿಸಿ ಕೊಡುತ್ತ ಮನೆಮನೆಯ ಪರಿಚಯ ಸಂಪಾದಿಸಿದಳು. ಮಹಿಳಾ ಮೀಸಲಾತಿ ಬಂದಾಗ ಚುನಾವಣೆಗೆ ನಿಂತು ಗೆದ್ದಳು. ಯಾಕೆ ನಿಂತೆ ಎಂದು ಕೇಳಿದವರಿಗೆ ನೀರಿನ ಸಮಸ್ಯೆ ಎಂದಿದ್ದಳು. ನಿಜವಾದ ಕಾರಣ ಆ ತಿರುವು.

ನಕ್ಷೆಯ ಸುದ್ದಿ ಹಬ್ಬಿದ ವಾರವೇ ನರಸಿಂಹಯ್ಯ ಅವಳ ಮನೆಗೆ ಬಂದ. ಮೈ ಇಳಿದಿತ್ತು, ಕೈಯಲ್ಲಿ ಕೋಲು. ಅವಳು ಕಾಫಿ ಕೊಟ್ಟಳು.

"ಅನುಸೂಯಮ್ಮ, ಮುಂದಿನ ಕಂಬ ತೆಗೆದ್ರೆ ಇಡೀ ಛತ್ರ ಕೂತೋಗ್ತದೆ. ನಂಗಿರೋದು ಅದೊಂದೇ. ಒಸಿ ಬಗ್ಗಿಸು ತಾಯಿ."

"ಅವತ್ತು ಯಾಕೆ ಬಗ್ಸಿದ್ರಿ, ಅದನ್ನ ಮೀಟಿಂಗ್‌ನಲ್ಲಿ ಎಲ್ಲಾರ ಮುಂದೆ ಯೇಳಿ. ಆಮೇಲೆ ನೋಡಾನ."

ಮುದುಕನ ಮುಖದಲ್ಲಿ ಆಸೆ ಮೂಡಿದ್ದನ್ನು ಅವಳು ಕಂಡಳು. ಅದನ್ನು ಅಳಿಸಲು ಹೋಗಲಿಲ್ಲ.

ಸಭೆಯ ದಿನ ಪುರಸಭೆಯ ಸಭಾಂಗಣ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ನಲ್ಲಪ್ಪ ಯೂನಿಫಾರಂನಲ್ಲೇ ಕೂತಿದ್ದ. ನರಸಿಂಹಯ್ಯ ಕೋಲೂರಿ ಎದ್ದು ನಿಂತ.

"ನನ್ನ ಛತ್ರ ಉಳೀಲಿ ಅಂತ ರಸ್ತೆ ಬಗ್ಗಿಸ್ದೆ. ನಲ್ಲಪ್ಪನ ಗಿರಣಿ ಒಡೆಸ್ದೆ. ಊರಿಗೋಸ್ಕರ ಅಂದಿದ್ದು ಸುಳ್ಳು." ಸದಸ್ಯರ ಸಾಲಿನಲ್ಲಿ ಕೂತಿದ್ದ ಅವನ ಮಗ ಬಾಲಾಜಿ ತಲೆಯೆತ್ತಲಿಲ್ಲ.

ಅನುಸೂಯಮ್ಮ ಮುದುಕ ಕೂರುವವರೆಗೂ ಕಾದಳು.

"ತಪ್ಪು ಗೆರೆ ಅಂತ ಅವರೇ ಒಪ್ಕೊಂಡ್ರು. ಇನ್ನು ಚರ್ಚೆ ಬೇಕಾಗಿಲ್ಲ. ನೇರ ರಸ್ತೆಗೆ ಒಪ್ಪೋರು ಕೈ ಎತ್ತಿ."

ಬಾಲಾಜಿಯನ್ನು ಬಿಟ್ಟು ಸದಸ್ಯರೆಲ್ಲ ಕೈ ಎತ್ತಿದರು.

"ನೀನು ಮಾತು ಕೊಟ್ಟಿದ್ದೆ," ಎಂದ ನರಸಿಂಹಯ್ಯ.

"ನೋಡಾನ ಅಂದಿದ್ದೆ. ನೋಡ್ದೆ."

ಫೆಬ್ರವರಿಯಲ್ಲಿ ಜೆಸಿಬಿ ಬಂತು. ಕಂಬ ಉರುಳಿದಾಗ ಛತ್ರದ ಮಹಡಿ, ನರಸಿಂಹಯ್ಯ ಹೇಳಿದ್ದಂತೆಯೇ, ಹಿಂದಿನ ಗೋಡೆಯವರೆಗೂ ಬಿರುಕು ಬಿಟ್ಟಿತು. ಧೂಳು ಇಳಿಯುವವರೆಗೂ ಅನುಸೂಯಮ್ಮ ಕದಲಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳ ಎದೆ ಹಗುರಾಗಿತ್ತು.

ಮನೆಯಲ್ಲಿ ನಲ್ಲಪ್ಪ ಬೂಟು ಬಿಚ್ಚುತ್ತ ಹೇಳಿದ: "ಒಡೆಸಿದ್ದು ಸರಿ ಕಣೆ. ಆದ್ರೆ ಆಸೆ ತೋರಿಸಿ ಅಂಗೆ ಜನದ ಮುಂದೆ ನಿಲ್ಲಿಸ್ಬಾರ್ದಾಗಿತ್ತು. ನಾನೂ ಅವತ್ತು ಅಂಗೇ ನಿಂತಿದ್ದೆ."

"ಅದಕ್ಕೇ ನಿಲ್ಲಿಸಿದ್ದು," ಎಂದಳು ಅವಳು, ಅವನ ತಟ್ಟೆಗೆ ಮುದ್ದೆ ಹಾಕುತ್ತ.

ಅವನು ಮುದ್ದೆ ಮುರಿದ. ಆಮೇಲೆ ಸಾರು ಕೇಳಿದ.