ತುಂಬಿಸೋದಾ, ಬದಲಾಯಿಸೋದಾ

ಸಿಲಿಂಡರಿನ ಹೆಗಲ ಮೇಲೆ ಹೆಬ್ಬೆರಳಾಡಿಸುತ್ತಿದ್ದ ಭಾವ ತಟ್ಟನೆ ಕೈ ನಿಲ್ಲಿಸಿದರು. ಉಗುರಿನಿಂದ ಒಂದಿಷ್ಟು ಕೊಳೆ ಕೆರೆದರು, ಬಗ್ಗಿ ನೋಡಿದರು, ಮತ್ತೆ ಕೆರೆದರು.

"ಇದು ನಂದಲ್ಲ ಕಣೋ," ಅಂದರು ಹೆಂಡತಿಯ ತಮ್ಮನಿಗೆ.

ಶೆಡ್ಡಿನ ಹೊರಗೆ, ಹಿತ್ತಲ ಮೆಟ್ಟಿಲ ಬಳಿ, ಅಮ್ಮ ಇನ್ನೂ ಮಗ ಬೆಸುಗೆ ಹಾಕಿ ನಿಲ್ಲಿಸಿದ ಹೊಸ ಕೈಹಿಡಿ ಕಂಬಿ ಹಿಡಿದುಕೊಂಡೇ ನಿಂತಿದ್ದಳು. ಹೋದ ತಿಂಗಳು ಅದೇ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡವಳು, ಇವತ್ತು ಬೆಳಗಿನಿಂದ ಕೆಲಸವಿಲ್ಲದಿದ್ದರೂ ಐದಾರು ಸಲ ಹತ್ತಿ ಇಳಿದಿದ್ದಳು. "ನೋಡಿ ಅಳಿಯಂದ್ರೇ, ಆನೆ ಕಟ್ಟಿದ್ರೂ ಅಲ್ಲಾಡಲ್ಲ," ಎಂದು ಅಳಿಯನನ್ನು ಬಾಗಿಲಲ್ಲೇ ತಡೆದು ಹಿತ್ತಲಿಗೆ ಕರೆತಂದಿದ್ದಳು. ಭಾವ ಕಂಬಿಯನ್ನು ಎರಡು ಕೈಲೂ ಹಿಡಿದು ಜಗ್ಗಿ, ಒಂದೊಂದು ಬೆಸುಗೆಯ ಮೇಲೂ ಬೆರಳಿಟ್ಟು ನೋಡಿ, "ಪರವಾಗಿಲ್ವೇ ಇಂಜಿನಿಯರ್ರು!" ಅಂದಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದರೂ ಎಂದಿನಷ್ಟಿರಲಿಲ್ಲ. ಆ ಮಾತನ್ನು ಅವನಿನ್ನೂ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದ. ಅಷ್ಟರಲ್ಲಿ ಭಾವ ಶೆಡ್ಡಿನೊಳಗೆ ಕಾಲಿಟ್ಟಿದ್ದರು.

ಇಂಜಿನಿಯರ್ ಅನ್ನೋ ಹೆಸರು ಅವರೇ ಇಟ್ಟಿದ್ದು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಬೇಕರಿ ವ್ಯಾನು ಓಡಿಸಿಕೊಂಡು ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವವನು, ಫೋನಿನಲ್ಲಿ ವಿಡಿಯೋ ನೋಡಿ ವೆಲ್ಡಿಂಗ್ ಕಲಿಯುತ್ತೇನೆ ಅಂದಾಗ ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಇಪ್ಪತ್ತು ವರ್ಷದಿಂದ ವರ್ಕ್‌ಶಾಪ್ ನಡೆಸುತ್ತಿದ್ದ ಭಾವನೂ ನಕ್ಕಿದ್ದರು. ಆದರೆ ನಗುತ್ತಲೇ ತಮ್ಮ ಹಳೇ ಮೆಷಿನ್ನು ತಂದು ಇಳಿಸಿದ್ದರು. ತಮ್ಮ ಎರಡು ಗ್ಯಾಸ್ ಸಿಲಿಂಡರುಗಳಲ್ಲಿ ಒಂದನ್ನೂ ಕೊಟ್ಟಿದ್ದರು.

"ಗ್ಯಾಸ್ ಇಲ್ದೆ ಈ ಮೆಷಿನ್ನಲ್ಲಿ ಬೆಸುಗೆ ಹಾಕಿದ್ರೆ ಜೇನುಗೂಡಿನ ಹಾಗೆ ತೂತು ಬೀಳುತ್ತೆ. ಖಾಲಿಯಾದ್ರೆ ತುಂಬಿಸ್ಕೊಂಡು ಬಾ. ಬದಲಾಯಿಸ್ಕೊಂಡು ಮಾತ್ರ ಬರಬೇಡ. ಇದು ನನ್ನ ಸ್ವಂತದ್ದು. ಗೊತ್ತಾಯ್ತಾ?"

"ಗೊತ್ತಾಯ್ತು," ಅಂದಿದ್ದ. ಯಾರು ಗೊತ್ತಾಯ್ತಾ ಅಂತ ಕೇಳಿದರೂ ಅವನ ಬಾಯಿಂದ ಆ ಮಾತು ತಾನಾಗಿ ಬಂದುಬಿಡುತ್ತಿತ್ತು, ಬಾಗಿಲು ದಢಾರನೆ ಮುಚ್ಚಿಕೊಂಡ ಹಾಗೆ.

"ನಿಮ್ದಲ್ದೆ ಇನ್ಯಾರ್ದು ಭಾವ?" ಅಂದ ಈಗ.

"ನನ್ನದರ ಹೆಗಲ ಮೇಲೆ ನನ್ನ ಹೆಸರಿನ ಎರಡಕ್ಷರ ಹೊಡೆಸಿದೀನಿ. ಇದರ ಮೇಲಿರೋದು ಕಂಪನಿ ಮುದ್ರೆ. ಸೊಂಟ ನೋಡು, ಒದೆ ತಿಂದ ಪಾತ್ರೆ ಹಾಗೆ ತಗ್ಗು ಬಿದ್ದಿದೆ. ಇದನ್ನ ಆ ಗ್ಯಾಸ್ ಅಂಗಡಿ ಬಿಟ್ರೆ ಬೇರೆ ಯಾರೂ ತುಂಬಿಸಿಕೊಡಲ್ಲ." ಭಾವ ಎದ್ದು ನಿಂತರು. "ಬದಲಾಯಿಸ್ಕೊಂಡು ಬಂದ್ಯಾ?"

ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು. ನಾಲ್ಕು ಬೈಗುಳ ಬೀಳುತ್ತಿದ್ದವು, ಅಷ್ಟೆ. ಆದರೆ ಅಮ್ಮ ಅಲ್ಲಿಂದಲೇ ಕತ್ತು ಚಾಚಿ, "ಏನಂತೆ?" ಅಂದಳು. ಅವಳ ಕೈ ಕಂಬಿಯ ಮೇಲೇ ಇತ್ತು.

"ಇಲ್ಲ ಭಾವ. ನಾನು ತುಂಬಿಸೋಕೇ ಕೊಟ್ಟಿದ್ದು. ಹದಿನೈದು ದಿನ ಆಯ್ತು. ಆ ಅಂಗಡಿಯೋರೇ ಅದಲು ಬದಲು ಮಾಡಿದಾರೆ ಅಂತ ಕಾಣುತ್ತೆ. ಕೌಂಟರ್‌ನಲ್ಲಿ ಒಬ್ಬಳು ಕೂರ್ತಾಳಲ್ಲ, ದಪ್ಪ ಕನ್ನಡಕದೋಳು, ಅವಳಿಗೆ ಕಣ್ಣೇ ಕಾಣಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ವಾಸಿ. ಇವನು ಕಾಯನ್ನೇ ಎತ್ತಿ ಪಕ್ಕದವಳ ಹೆಗಲ ಮೇಲಿಟ್ಟಿದ್ದ.

"ಹೌದಾ?" ಭಾವ ಅಂಗಿ ತೋಳು ಮಡಚಿದರು. "ನಡಿ ಮತ್ತೆ. ವ್ಯಾನ್ ತೆಗಿ."

ನಿಜಕ್ಕೂ ನಡೆದದ್ದು ಮೂರು ದಿನದ ಹಿಂದೆ, ಬುಧವಾರ. ಕಂಬಿಯ ಅರ್ಧ ಕೆಲಸ ಆಗಿತ್ತು, ಗ್ಯಾಸ್ ಮುಗಿದುಹೋಯಿತು. ಬ್ರೆಡ್ಡಿನ ಟ್ರೇಗಳ ನಡುವೆ ಸಿಲಿಂಡರ್ ಮಲಗಿಸಿಕೊಂಡು ಮಧ್ಯಾಹ್ನವೇ ಅಂಗಡಿಗೆ ಹೋದ. ಕೌಂಟರಿನಾಕೆ ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಎಲ್ಲರನ್ನೂ ಕೇಳುವ ಹಾಗೇ ಕೇಳಿದಳು: "ತುಂಬಿಸೋದಾ, ಬದಲಾಯಿಸೋದಾ?"

"ಯಾವುದು ಬೇಗ?"

"ಬದಲಾಯಿಸೋದಾದ್ರೆ ಈಗಲೇ. ನೀವು ಖಾಲಿದು ಇಟ್ಟು ತುಂಬಿದ್ದು ಎತ್ಕೊಂಡು ಹೋಗಬಹುದು. ತುಂಬಿಸೋದಾದ್ರೆ ಫ್ಯಾಕ್ಟರಿಗೆ ಹೋಗಿ ಬರಬೇಕು, ಒಂಬತ್ತು ದಿನ." ಆಕೆ ಎದ್ದು ಬಂದು ಸಿಲಿಂಡರನ್ನು ನೋಡಿದಳು. "ಇದು ಸ್ವಂತದ್ದಲ್ವಾ? ಹೊಸದಿದೆ. ಸುಮ್ನೆ ಯಾಕೆ ಕಳ್ಕೋತೀರಿ? ಬದಲಾಯಿಸಿದ್ರೆ ಕೈಗೆ ಯಾವುದು ಬರುತ್ತೋ ಅದೇ. ಇದು ತಿರುಗಿ ಸಿಗಲ್ಲ. ಗೊತ್ತಾಯ್ತಾ?"

ಒಂಬತ್ತು ದಿನ. ಶನಿವಾರ ಭಾವ ಬರುತ್ತಾರೆ, ಅರ್ಧ ಕಂಬಿ ನೋಡುತ್ತಾರೆ, 'ಬಿಡೋ, ಅರ್ಧ ಗಂಟೆ ಕೆಲಸ, ನಾನೇ ಮುಗಿಸ್ತೀನಿ' ಅನ್ನುತ್ತಾರೆ. ಅಮ್ಮ ಸಂಕೋಚದಿಂದ ಒಪ್ಪಿಕೊಳ್ಳುತ್ತಾಳೆ. ಅರ್ಧ ಗಂಟೆಯಲ್ಲಿ ಅದು ಭಾವನ ಕಂಬಿಯಾಗುತ್ತದೆ. ಅದನ್ನು ನೆನೆದೇ ಅವನ ಕಿವಿ ಬಿಸಿಯಾಗಿತ್ತು. ಅದರ ಮೇಲೆ ಈ ಹೆಂಗಸಿನ 'ಗೊತ್ತಾಯ್ತಾ' ಬೇರೆ.

"ಗೊತ್ತಾಯ್ತು ಕಣ್ರೀ. ನಾನೇನು ದಡ್ಡ ಅನ್ಕೊಂಡ್ರಾ? ಬದಲಾಯಿಸಿ."

ಆಕೆ ಭುಜ ಹಾರಿಸಿ, ತುಂಬಿದ ಸಿಲಿಂಡರ್ ತೋರಿಸಿದ್ದಳು.

ಈಗ ಅದನ್ನೇ ವ್ಯಾನಿಗೆ ಹಾಕಿಕೊಂಡು ಭಾವನ ಜೊತೆ ಮತ್ತೆ ಅದೇ ಅಂಗಡಿಗೆ ಹೊರಟಿದ್ದ. ಹಿಂದೆ ತಗ್ಗು ಬಿದ್ದ ಸಿಲಿಂಡರ್ ಪ್ರತಿ ತಿರುವಿನಲ್ಲೂ ಟ್ರೇಗೆ ಬಡಿಯುತ್ತಿತ್ತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ: ಅಂಗಡಿ ಮುಚ್ಚಿರಬಹುದು. ಆಕೆ ರಜೆ ಹಾಕಿರಬಹುದು. ಮರೆತಿರಬಹುದು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ, 'ಭಾವ, ಒಂದು ಮಾತು' ಅನ್ನಲು ಬಾಯಿ ತೆರೆದ. "ಏಸಿ ಕೆಟ್ಟೋಗಿದೆ, ಕಿಟಕಿ ಇಳಿಸ್ಕೊಳ್ಳಿ," ಎಂದು ಹೇಳಿ ಮುಚ್ಚಿದ.

ಅಂಗಡಿ ತೆರೆದೇ ಇತ್ತು. ಆಕೆ ರಜೆ ಹಾಕಿರಲಿಲ್ಲ. ಮರೆತೂ ಇರಲಿಲ್ಲ.

"ಬುಧವಾರ ಬಂದಿದ್ರಲ್ಲ," ಅಂದಳು ಅವನನ್ನು ನೋಡಿದ ಕೂಡಲೇ. "ಏನಾಯ್ತು, ವಾಲ್ವ್ ಸೋರ್ತಿದೆಯಾ?"

"ಬುಧವಾರ ಅಲ್ಲ, ಹದಿನೈದು ದಿನ ಆಯ್ತು," ಅಂದ. ಅವನ ದನಿ ಬೇಕಿದ್ದಕ್ಕಿಂತ ಜೋರಾಗಿತ್ತು.

ಭಾವ ಕೂಗಾಡುವ ಜನ ಅಲ್ಲ. ಕೌಂಟರಿನ ಮೇಲೆ ಎರಡೂ ಅಂಗೈ ಊರಿ, ಒಂದೊಂದೇ ಮಾತು ಎಣಿಸಿ ಇಟ್ಟರು. ಹುಡುಗ ತುಂಬಿಸೋಕೆ ಕೊಟ್ಟದ್ದು ನನ್ನ ಸಿಲಿಂಡರ್. ನೀವು ವಾಪಸ್ ಕೊಟ್ಟದ್ದು ಯಾರದೋ. ನಾನು ಹನ್ನೆರಡು ವರ್ಷದಿಂದ ನಿಮ್ಮ ಗಿರಾಕಿ. ಹೀಗೆ ಮಾಡಿದರೆ ಹೇಗೆ?

"ತುಂಬಿಸೋಕೆ ಕೊಟ್ಟೇ ಇಲ್ವಲ್ಲ!" ಆಕೆ ಇಬ್ಬರ ಮುಖವನ್ನೂ ನೋಡಿದಳು. "ತುಂಬಿಸೋದಾದ್ರೆ ಕತ್ತಿಗೆ ಚೀಟಿ ಕಟ್ತೀವಿ, ಅದರ ಅರ್ಧ ಹರಿದು ಗಿರಾಕಿ ಕೈಗೆ ಕೊಡ್ತೀವಿ. ಎಲ್ಲಿ ಇವರ ಅರ್ಧ?"

"ಕಳ್ದೋಯ್ತು," ಅಂದ.

"ಬದಲಾಯಿಸಿದ್ದಕ್ಕೆ ಚೀಟಿ ಇರಲ್ಲ. ಅದಕ್ಕೇ ಇವರ ಹತ್ರ ಇಲ್ಲ. ನಾನೇ ಹೇಳಿದ್ನಲ್ರೀ ನಿಮಗೆ, ಸ್ವಂತದ್ದು ಕಳ್ಕೋಬೇಡಿ ಅಂತ?"

"ನೀವು ಏನೂ ಹೇಳ್ಲಿಲ್ಲ."

ಗಲಾಟೆ ಕೇಳಿ ಒಳಗಿನಿಂದ ಮಾಲೀಕ ಬಂದ. ಊಟದ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಾ ಭಾವನ ಮಾತು ಪೂರ್ತಿ ಕೇಳಿದ. ಆಕೆಯ ಮಾತು ಕೇಳಲಿಲ್ಲ.

"ಏನಮ್ಮಾ ಇದು? ಹೋದ ತಿಂಗಳೂ ಹೀಗೇ ಒಂದು ಅದಲು ಬದಲು. ಕಣ್ಣು ತೋರಿಸ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಇವರು ಹಳೇ ಗಿರಾಕಿ. ಇವರ ಮುಂದೆ ನನ್ನ ಮರ್ಯಾದೆ ತೆಗೀತೀರಲ್ಲ! ಸೋಮವಾರದಿಂದ ಕೌಂಟರಿಗೆ ಬೇರೆಯವರನ್ನ ನೋಡ್ಕೋತೀನಿ. ನೀವು ಮನೇಲಿ ಆರಾಮಾಗಿರಿ."

"ಸರ್, ಹೋದ ತಿಂಗಳದ್ದು ನನ್ನ ತಪ್ಪೇ. ಆದ್ರೆ ಇದು... ಬುಧವಾರನೇ ಸರ್. ಬೇಕರಿ ವ್ಯಾನು. ಇವರು ಬದಲಾಯಿಸಿ ಅಂದ್ರು..." ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಅವನನ್ನು ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆ ಇತ್ತು. "...ಅಂದ್ರು ಅಂತ ನೆನಪು."

ಆ 'ಅಂತ ನೆನಪು' ಅನ್ನೋದು ಅವನಿಗೆ ಹಳೆಯದೊಂದನ್ನು ನೆನಪಿಸಿತು. ಎಂಟನೇ ಕ್ಲಾಸಿನಲ್ಲಿ ಒಮ್ಮೆ ಬೋರ್ಡಿನ ಮೇಲೆ ಲೆಕ್ಕ ಮಾಡಿದ್ದ. ಮೇಷ್ಟ್ರು 'ಏನೋ ಇದು?' ಅಂದದ್ದೇ ತಡ, ಹಿಂದೆ ನಲವತ್ತು ಜನ ನಕ್ಕದ್ದೇ ತಡ, ಬರೆದಿದ್ದ ಸರಿ ಉತ್ತರವನ್ನೇ ಅಂಗೈಯಲ್ಲಿ ಒರೆಸಿ ತಪ್ಪು ಬರೆದಿದ್ದ. ಈಕೆಯೂ ಈಗ ಒರೆಸಿಕೊಳ್ಳುತ್ತಿದ್ದಳು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಸಾಕು, ತನ್ನದೇ ತಪ್ಪು ಅಂತ ಆಕೆಯೇ ಹೇಳಿಬಿಡುತ್ತಾಳೆ. ಅವನು ಗೆದ್ದ ಹಾಗೆ.

"ನಾನೇ ಕಣ್ರೀ!" ಎಂದು ಕಿರುಚಿದ.

ಮೂವರೂ ತಿರುಗಿದರು.

"ನಾನೇ ಬದಲಾಯಿಸಿದ್ದು! ಬುಧವಾರನೇ! ನೀವು ಹೇಳಿದ್ರಿ, ನಾನು ಕೇಳ್ಲಿಲ್ಲ. ಏನೀಗ? ಅಷ್ಟು ಚೆನ್ನಾಗಿ ನೆನಪಿಟ್ಕೊಂಡಿರೋರು ಗಟ್ಟಿಯಾಗಿ ಹೇಳೋಕೆ ಏನ್ರೀ ಕಷ್ಟ ನಿಮಗೆ? ಬಾಯಿಲ್ವಾ? ಇವರು ಬೈದ್ರೆ ಬೈಸ್ಕೊಂಡು ನಿಂತ್ಕೋತೀರಲ್ಲ!"

ತಪ್ಪೊಪ್ಪಿಕೊಳ್ಳುವುದರಲ್ಲೂ ಆಕೆಯನ್ನೇ ಬೈಯುತ್ತಿದ್ದೇನೆ ಅನ್ನೋದು ಅವನಿಗೆ ಮಾತು ಮುಗಿದ ಮೇಲೆ ತಿಳಿಯಿತು. ಮಾಲೀಕ ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. ಹೊರಗೆ ರಸ್ತೆಯಲ್ಲಿ ಯಾರೋ ಹಾರ್ನ್ ಮಾಡಿದರು. ಅವನ ವ್ಯಾನು ದಾರಿಗೆ ಅಡ್ಡ ನಿಂತಿತ್ತು.

ಭಾವ ಅವನ ಕಡೆ ನೋಡಲೇ ಇಲ್ಲ. ಕೌಂಟರಿನ ಮೇಲೆ ಊರಿದ್ದ ಎರಡೂ ಅಂಗೈಯನ್ನು ಮೆಲ್ಲಗೆ ಎತ್ತಿ ಜೋಡಿಸಿದರು.

"ತಪ್ಪಾಯ್ತಮ್ಮ," ಅಂದರು ಆಕೆಗೆ. "ವಿಚಾರ ಮಾಡ್ದೆ ಮಾತಾಡಿಬಿಟ್ಟೆ. ನಮ್ಮ ಮನೆ ಹುಡುಗ. ಮನಸ್ಸಿಗೆ ಹಚ್ಕೋಬೇಡಿ." ಆಮೇಲೆ ಮಾಲೀಕನಿಗೆ, "ಇವರದ್ದೇನೂ ತಪ್ಪಿಲ್ಲ. ಸೋಮವಾರದ ಮಾತು ವಾಪಸ್ ತಗೊಳ್ಳಿ. ತಗೊಂಡ್ರಿ ಅಂತ ಇವರ ಮುಂದೆನೇ ಹೇಳಿ."

"ಅಯ್ಯೋ, ಅದೇನೋ ಬಾಯಿಗೆ ಬಂತು, ಅಂದೆ," ಎಂದು ಮಾಲೀಕ ಹಲ್ಲು ಬಿಟ್ಟ.

"ಹೇಳಿ."

"ಆಯ್ತು. ತಗೊಂಡೆ."

ಭಾವನ ಕೈ ಅವನಿಗೆ ಗೊತ್ತಿದ್ದ ಕೈ. ಕಿಡಿ ಹಾರಿ ಹಾರಿ ಅದರ ಮೇಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಯಾರ ಮುಂದೆಯೂ ಆ ಕೈ ಜೋಡಿಸಿದ್ದನ್ನು ಅವನು ಕಂಡಿರಲಿಲ್ಲ. ಬೈಯಲಿ, ಹೊಡೆಯಲಿ, ಇಲ್ಲೇ ಎಲ್ಲರ ಮುಂದೆ ಕೆನ್ನೆಗೆ ಬಾರಿಸಲಿ ಅಂದುಕೊಂಡ. ಹೊಡೆದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಹುಡುಗನಂತೆ! ಇಪ್ಪತ್ತನಾಲ್ಕು ವರ್ಷದ ಕತ್ತೆ.

"ಕ್ಷಮಿಸಿ," ಅಂದ. ಅಂದದ್ದು ಕೌಂಟರಿಗೆ, ಮೆಲ್ಲಗೆ. ಆಕೆಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಭಾವನ ಕಡೆಗೆ ಮಾತ್ರ ತಿರುಗಿ ಹೇಳಿದಳು:

"ಬುಧವಾರದಿಂದ ಲಾರಿ ಬಂದಿಲ್ಲ. ಖಾಲಿವೆಲ್ಲ ಹಿಂದಿನ ಅಂಗಳದಲ್ಲೇ ಇದಾವೆ. ನಾಲ್ಕು ಗಂಟೆಗೆ ತುಂಬ್ಕೊಂಡು ಹೋಗ್ತಾರೆ. ಬೇಕಾದ್ರೆ ಹುಡುಕ್ಕೊಳ್ಳಿ. ಸಿಕ್ಕಿದ್ರೆ ಚೀಟಿ ಬರ್ದು ಕೊಡ್ತೀನಿ."

ಹಿಂದಿನ ಅಂಗಳವೆಂದರೆ ತಗಡಿನ ಮಾಡಿನ ಕೆಳಗೆ, ಸರಪಳಿ ಕಟ್ಟಿ ನಿಲ್ಲಿಸಿದ ಸಿಲಿಂಡರುಗಳ ಸಂತೆ. ಇನ್ನೂರಕ್ಕೆ ಕಮ್ಮಿ ಇರಲಾರದು. ಎಲ್ಲಕ್ಕೂ ಒಂದೇ ಧೂಳು, ಒಂದೇ ಬಣ್ಣ, ಒಂದೇ ಎತ್ತರ. ಪಕ್ಕದಲ್ಲಿ ಲಾರಿ ಆಗಲೇ ಬಂದು ನಿಂತಿತ್ತು. ಲೋಡಿಂಗಿನವರಿಬ್ಬರು ಚಕ್ರಕ್ಕೊರಗಿ ಟೀ ಕುಡಿಯುತ್ತಿದ್ದರು.

"ನಂಬರ್ ಏನು?" ಭಾವ ಕೇಳಿದರು. ನಿಜ ಹೊರಬಿದ್ದ ಮೇಲೆ ಅವನಿಗೆ ಆಡಿದ ಮೊದಲ ಮಾತು.

ಎರಡು ತಿಂಗಳು ಆ ಸಿಲಿಂಡರ್ ಅವನ ಶೆಡ್ಡಿನಲ್ಲಿತ್ತು. ಅದರ ಮೇಲೆ ಅಂಗಿ ನೇತುಹಾಕಿದ್ದ, ಅದಕ್ಕೊರಗಿ ಫೋನ್ ನೋಡಿದ್ದ. ನಂಬರ್ ಇರುತ್ತದೆ ಅನ್ನುವುದನ್ನೂ ನೋಡಿರಲಿಲ್ಲ.

"ಗೊತ್ತಿಲ್ಲ," ಅಂದ.

ಭಾವ ಆರಂಕಿ ಹೇಳಿದರು, ಮಕ್ಕಳ ಹುಟ್ಟಿದ ದಿನ ಹೇಳುವಷ್ಟು ಸಲೀಸಾಗಿ. ಇನ್ನೊಮ್ಮೆ ಹೇಳಿದರು. ಆಮೇಲೆ ಜೇಬಿನಿಂದ ದೊಡ್ಡ ಕರವಸ್ತ್ರ ತೆಗೆದು, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎರಡು ಹೋಳು ಮಾಡಿ, ಒಂದನ್ನು ಅವನ ಕೈಗಿಟ್ಟು, ಸಾಲುಗಳ ಆ ಕೊನೆಗೆ ನಡೆದುಹೋದರು.

ಅವನು ಈ ಕೊನೆಯಿಂದ ಶುರುಮಾಡಿದ. ಬಗ್ಗು, ಹೆಗಲು ಒರೆಸು, ಓದು, ಅಲ್ಲ. ಮುಂದಿನದು. ಬಗ್ಗು, ಒರೆಸು, ಅಲ್ಲ. ಬಟ್ಟೆ ಕಪ್ಪಾಯಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಮುಖದ ಮೇಲೆ ಬೆವರೇ ಇರಲಿ ಅಂತ ಬಿಟ್ಟುಕೊಂಡ. ಒಂದು ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಟೀ ಕುಡಿದವರು ಲೋಟ ಕೊಡವಿ ಎದ್ದು, ಲಾರಿಯ ಹಿಂಬಾಗಿಲನ್ನು ಸದ್ದು ಮಾಡುತ್ತಾ ಇಳಿಸಿದರು.

ಕೊನೆಯ ಸಾಲಿನ ಆಚೆ ತುದಿಯಿಂದ ಭಾವ ಒರೆಸುತ್ತಾ ಬರುತ್ತಿದ್ದರು. ತಲೆಯೆತ್ತದೆಯೂ ಗೊತ್ತಾಗುತ್ತಿತ್ತು: ಬಟ್ಟೆ ಉಜ್ಜುವ ಸದ್ದು, ಉಸಿರು, ಒಂದು ಹೆಜ್ಜೆ. ನಡುವೆ ಹತ್ತೋ ಹನ್ನೊಂದೋ ಸಿಲಿಂಡರ್ ಉಳಿದಿದ್ದವು. ಆಮೇಲೆ ಎಂಟು. ಅವೂ ಮುಗಿದರೆ ಭಾವನಿಗೆ ಮುಖ ಕೊಡಬೇಕಿತ್ತು.

ಅವನ ಕೈ ನಿಧಾನವಾಯಿತು. ಆಗಲೇ ಸ್ವಚ್ಛವಾಗಿದ್ದ ಒಂದು ಹೆಗಲನ್ನು ಮತ್ತೆ ಒರೆಸತೊಡಗಿದ.